ಎಡಕ್ಕೆ ಮಾತ್ರ ತಿರುಗುವ ಗಾಡಿಗಳು

ನನ್ನ ಮಾತು ಈಗ ಎಲ್ಲರಿಗೂ ತಿಳಿಯುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ತುಟಿಯ ಎಡತುದಿ ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ಪ, ಬ ಹೇಳುವಾಗ ಗಾಳಿ ಸೋರುತ್ತದೆ. ನಾಲಿಗೆಯ ಒಂದು ಅಂಚನ್ನು ತೆಗೆದಿದ್ದಾರೆ, ಹಾಗಾಗಿ ಟ, ಡ, ಳ ಮೂರೂ ಒಂದೇ ತರಹ ಕೇಳಿಸುತ್ತವೆ. ಬಾಯಿ ಎರಡು ಬೆರಳು ಹೋಗುವಷ್ಟು ತೆರೆಯುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಲದವಡೆಗೆ ದೂಡಿಕೊಂಡು ತಿನ್ನುತ್ತೇನೆ, ಕೈಯಲ್ಲಿ ಕರವಸ್ತ್ರ ಹಿಡಿದಿರುತ್ತೇನೆ. ನಾಲ್ಕು ಜನರ ಎದುರು ಊಟಕ್ಕೆ ಕೂರುವುದನ್ನು ಬಿಟ್ಟಿದ್ದೇನೆ.

ಇದೆಲ್ಲ ಹೇಳಿದ ಮೇಲೆ, ಬದುಕಿದ್ದೇನೆ ಎಂಬುದನ್ನೂ ಹೇಳಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ ಅವರು ಮೊದಲು ಹುಡುಕುವುದು ಅದನ್ನೇ. ನಾನೂ ಹಾಗೇ ಹುಡುಕುತ್ತಿದ್ದೆ.

ನನ್ನ ತವರು ಕಾಗವಾಡ, ಗಂಡನ ಮನೆ ನಿಪ್ಪಾಣಿ. ನಮ್ಮದು ಭಾಂಡೆ ಅಂಗಡಿ, ಪಾತ್ರೆ-ಪಗಡೆ ಮಾರುವುದು. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದು. ಅಲ್ಲಿ ಬೆಳಿಗ್ಗೆ ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿ ಬ್ರಶ್ಶಿನಲ್ಲಿ ಹಲ್ಲುಜ್ಜಿಸುತ್ತಿದ್ದರು. ಮದುವೆಯಾಗಿ ನಿಪ್ಪಾಣಿಗೆ ಬಂದಾಗ ಮೊದಲು ಮೂಗಿಗೆ ಬಿದ್ದದ್ದು ಬೇರೆಯೇ ವಾಸನೆ. ಅತ್ತೆ ಹಿತ್ತಲಿನ ಒಲೆಯ ಮೇಲೆ ಕಬ್ಬಿಣದ ಹಂಚಿಟ್ಟು ತಂಬಾಕಿನ ಎಲೆ ಹುರಿಯುತ್ತಿದ್ದರು. ಅದು ಕಪ್ಪಾಗಿ ಗರಿಗರಿಯಾದ ಮೇಲೆ ಕೈಯಲ್ಲೇ ಪುಡಿ ಮಾಡಿ ಡಬ್ಬಿಗೆ ತುಂಬುವುದು. ಅದೇ ಮಶೇರಿ. ಬೆಳಿಗ್ಗೆ ಎದ್ದು ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕಿಕೊಳ್ಳುವುದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇನ್ನೊಂದು ಸಲ. ನಮ್ಮ ಓಣಿಯ ಹೆಂಗಸರಿಗೆ ಅಡಿಗೆಮನೆ ಬಿಟ್ಟು ಕೂರಲು ಸಿಗುತ್ತಿದ್ದ ಹೊತ್ತು ಅದೊಂದೇ. ಹಿತ್ತಲ ಮೆಟ್ಟಿಲ ಮೇಲೆ ಸಾಲಾಗಿ ಕುಳಿತು, ಬೆರಳು ಬಾಯಲ್ಲಿಟ್ಟುಕೊಂಡು, ಗುಸುಗುಸು ಮಾತಾಡುತ್ತ, ನಡುವೆ ಬಚ್ಚಲಿಗೆ ಉಗುಳುತ್ತ ಇರುತ್ತಿದ್ದರು.

ಮಗಳು ಶ್ರುತಿ ಹುಟ್ಟಿದ ವರ್ಷ ನನಗೆ ಹಲ್ಲುನೋವು ಬಂತು. ಬಾಣಂತಿಗೆ ಗುಳಿಗೆ ಬೇಡವೆಂದು ಅತ್ತೆ ತಮ್ಮ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ತಾವೇ ನನ್ನ ವಸಡಿಗೆ ಹಚ್ಚಿದರು. ತಲೆ ಗಿರ್ರೆಂದಿತು. ಆದರೆ ನೋವು ಹೋಯಿತು. ಅಂದಿನಿಂದ ಆ ಮೆಟ್ಟಿಲ ಮೇಲೆ ನನಗೂ ಒಂದು ಜಾಗವಾಯಿತು. ನಿಜ ಹೇಳಬೇಕೆಂದರೆ, ಕಾನ್ವೆಂಟಿನವಳು ಎಂದು ದೂರವಿಟ್ಟಿದ್ದ ಓಣಿ ನನ್ನನ್ನು ಒಳಗೆ ಕರೆದುಕೊಂಡದ್ದು ಆ ಚಿಟಿಕೆಯಿಂದಲೇ.

ಇಪ್ಪತ್ತು ವರ್ಷದ ಮೇಲೆ ಎಡಗೆನ್ನೆಯ ಒಳಗೆ, ಕೆಳವಸಡಿನ ಹತ್ತಿರ ಒಂದು ಹುಣ್ಣು ಕಂಡಿತು. ಉರಿಯುತ್ತಿತ್ತು. ಮಶೇರಿ ಹಚ್ಚಿದರೆ ಆ ಜಾಗ ಜೋಮು ಹಿಡಿದಂತಾಗಿ ಉರಿ ತಿಳಿಯುತ್ತಿರಲಿಲ್ಲ. ಹಾಗಾಗಿ ಅಲ್ಲಿಗೇ ಹೆಚ್ಚು ಹಚ್ಚಿದೆ. ಓಣಿಯವರೆಲ್ಲ ಅದನ್ನೇ ಹೇಳಿದರು. ಯಾರಿಗೆ ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಹುಣ್ಣು ಹೋಗದಿದ್ದಾಗ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಬ್ಯಾಟರಿ ಹಿಡಿದು ನೋಡಿ, ತಂಬಾಕು, ಗುಟ್ಕಾ ಏನಾದರೂ ಇದೆಯೇ ಎಂದು ಕೇಳಿದರು. ನಮ್ಮ ಮನೆಯವರು ನಕ್ಕೇಬಿಟ್ಟರು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಈಕೆ ನೀರನ್ನೂ ಕುಡಿಯುವುದಿಲ್ಲ, ಗಡ್ಡೆ-ಗೆಣಸು ಮುಟ್ಟುವುದಿಲ್ಲ, ತಂಬಾಕು ಎಲ್ಲಿಂದ ಬರಬೇಕು ಎಂದರು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ತಂಬಾಕು ತಿನ್ನುವವರು ಬಸ್ ಸ್ಟ್ಯಾಂಡಿನಲ್ಲಿ ಉಗುಳುವ ಗಂಡಸರು. ನಾವು ತಿಕ್ಕುವುದು ಹಲ್ಲುಪುಡಿ. ಡಾಕ್ಟರು ವಿಟಮಿನ್ ಗುಳಿಗೆ, ಹಚ್ಚಲು ಒಂದು ಜೆಲ್ ಕೊಟ್ಟರು. ಹಲ್ಲು ತಾಗಿ ಆಗಿರಬಹುದೆಂದು ಒಂದು ಹಲ್ಲಿನ ಚೂಪು ಉಜ್ಜಿದರು. ಮಳೆಗಾಲ ಹಾಗೇ ಕಳೆಯಿತು. ದಸರಾ ಬರುವಷ್ಟರಲ್ಲಿ ಹೋಳಿಗೆಯನ್ನು ಮಡಿಚಿ ಬಾಯಿಗಿಡಲು ಆಗದಾಯಿತು. ದವಡೆಯ ಕೆಳಗೆ ಕಡಲೆಯಷ್ಟು ಗಂಟು.

ಮಿರಜದ ಆಸ್ಪತ್ರೆಗೆ ಅಣ್ಣ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಒಬ್ಬ ಹೆಂಗಸು, ನನ್ನದೇ ವಯಸ್ಸಿನವರು. ತಂಬಾಕಿನ ಪ್ರಶ್ನೆಗೆ ಇಲ್ಲ ಎಂದೆವು. ಅವರು ಬರೆಯುತ್ತಲೇ ಮತ್ತೊಂದು ಕೇಳಿದರು.

“ಮಶೇರಿ ತಿಕ್ತೀರೇನ್ರಿ?”

“ಹೌದ್ರಿ,” ಎಂದೆ, ಸ್ನಾನ ಮಾಡುತ್ತೀರಾ ಎಂದು ಕೇಳಿದವರಿಗೆ ಹೇಳುವಂತೆ.

ಅವರ ಪೆನ್ನು ನಿಂತಿತು. ನಮ್ಮ ಮನೆಯವರಿಗೆ ಏನೋ ಹೊಳೆದಂತಾಗಿ, “ಅದ ತಂಬಾಕ ಅಲ್ಲಲ್ರಿ ಮೇಡಂ. ಸುಟ್ಟದ್ದದು,” ಎಂದರು.

“ಸುಟ್ಟರೂ ತಂಬಾಕೇರಿ,” ಎಂದರು ಡಾಕ್ಟರು. ಬೈಯಲಿಲ್ಲ. ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ, ದನಿ ಸವೆದಿತ್ತು.

ನಿಮ್ಮ ಮನೆಯ ಹೆಂಗಸರು ಯಾರಾದರೂ ಹೀಗೆ ತಿಕ್ಕುತ್ತಿದ್ದರೆ, ಬಾಯಲ್ಲಿ ಮಾಯದ ಹುಣ್ಣಿದ್ದರೆ, ಡಾಕ್ಟರು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ. ಇಡೀ ಬರಹದಲ್ಲಿ ಬುದ್ಧಿಮಾತು ಇದೊಂದೇ.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ವಾರ ನಾನು ಮನೆಯಲ್ಲಿ ಎಲ್ಲ ಡಬ್ಬಿಗಳನ್ನು ತೊಳೆದು ಒಣಗಿಸಿದೆ. ಫಲಿತಾಂಶ ಬಂದಾಗ ನಮ್ಮ ಮನೆಯವರು ಅಂಗಡಿಯಿಂದ ಹೊತ್ತಿಗೆ ಮುಂಚೆ ಬಂದು, ಚಪ್ಪಲಿ ಬಿಡದೆ ಅಡಿಗೆಮನೆಯ ಬಾಗಿಲವರೆಗೆ ಬಂದು ನಿಂತರು. ಇಷ್ಟು ವರ್ಷದಲ್ಲಿ ಅವರು ಚಪ್ಪಲಿ ಹಾಕಿಕೊಂಡು ಅಲ್ಲಿಯವರೆಗೆ ಬಂದದ್ದಿಲ್ಲ. ಕಾಲು ನೋಡಿಯೇ ನನಗೆ ಗೊತ್ತಾಯಿತು. ಸೋದರತ್ತೆಯೊಬ್ಬರು ಬಂದು, ಪೂರ್ವಜನ್ಮದ ಕರ್ಮ ತೊಳೆದುಹೋಗುತ್ತದೆ, ಒಳ್ಳೆಯದೇ ಎಂದುಕೊಳ್ಳಬೇಕು ಎಂದು ಸಮಾಧಾನ ಹೇಳಿ ಚಹಾ ಕುಡಿದು ಹೋದರು. ನಮ್ಮ ಅತ್ತೆ ಅಂದು ಹಿತ್ತಲಿಗೆ ಹೋಗಲಿಲ್ಲ.

ಆಪರೇಷನ್ನಿನಲ್ಲಿ ಕೆನ್ನೆಯ ಒಳಭಾಗ, ದವಡೆಯ ಒಂದು ತುಂಡು, ನಾಲಿಗೆಯ ಅಂಚು ಹೋದವು. ಎದೆಯ ಮೇಲಿನ ಮಾಂಸ-ಚರ್ಮ ತಿರುಗಿಸಿ ಕೆನ್ನೆಗೆ ತೇಪೆ ಹಾಕಿದರು. ಮೂಗಿನಿಂದ ಹೊಟ್ಟೆಗೆ ನಳಿಕೆ. ಎಷ್ಟೋ ದಿನ ಮಾತಿಗೆ ಬದಲು ಸನ್ನೆ. ಮಾತಾಡಬಹುದು ಎಂದು ಹೇಳಿದ ದಿನ ನಾನು ಮೊದಲು ಹೇಳಿದ್ದು ‘ನೀರು’. ನಮ್ಮ ಮನೆಯವರು ಟವೆಲು ತಂದುಕೊಟ್ಟರು. ಮತ್ತೆ ಹೇಳಿದೆ. ಫ್ಯಾನು ಜೋರು ಮಾಡಿದರು. ಮೂರನೆಯ ಸಲ ನಾನು ಹೇಳಲಿಲ್ಲ, ಲೋಟದ ಕಡೆ ಕೈ ತೋರಿಸಿದೆ.

ಆಮೇಲೆ ಬೆಳಗಾವಿಯಲ್ಲಿ ಓದುತ್ತಿದ್ದ ಶ್ರುತಿಯ ಫೋನು ಬಂತು. ಇಡೀ ದಿನ ಒಳಗೊಳಗೇ ಅಭ್ಯಾಸ ಮಾಡಿದ್ದ ಒಂದು ವಾಕ್ಯ ಹೇಳಿದೆ: ಪರೀಕ್ಷೆ ಚೆನ್ನಾಗಿ ಬರಿ. ಆ ಕಡೆ ಅವಳು, “ಏನಂದಿ ಮಮ್ಮಿ?” ಎಂದಳು. ಮತ್ತೆ ಹೇಳಿದೆ. ಮತ್ತೆ ಅದೇ. ನಾಲ್ಕನೆಯ ಸಲ ಅವಳು, “ಹೂಂ ಮಮ್ಮಿ, ಹೂಂ,” ಎಂದಳು. ತಿಳಿಯದೆಯೇ ಅಂದದ್ದು ಅದು; ಹಿಂದೆ ಅಳುವಿನ ಸದ್ದು ಕೇಳಿತು. ಅಂದಿನಿಂದ ನಾನು ಫೋನು ಮುಟ್ಟಲಿಲ್ಲ. ಕಾನ್ವೆಂಟಿನಲ್ಲಿ ವೇದಿಕೆಯ ಮೇಲೆ ಪದ್ಯ ಹೇಳಲು ಪ್ರತಿ ವರ್ಷ ನನ್ನನ್ನೇ ನಿಲ್ಲಿಸುತ್ತಿದ್ದರು. ಜೀವ ಉಳಿಯುತ್ತದೋ ಇಲ್ಲವೋ ಎಂಬುದಕ್ಕಿಂತ, ಉಳಿದರೆ ಈ ಬಾಯಿಂದ ಯಾರಿಗಾದರೂ ಏನಾದರೂ ತಿಳಿಯುತ್ತದೋ ಎಂಬ ಹೆದರಿಕೆ ಆಗ ದೊಡ್ಡದಾಯಿತು.

ಗಾಯ ಮಾಯ್ದ ಮೇಲೆ ಕರೆಂಟು ಕೊಡುವುದು ಶುರುವಾಯಿತು. ರೇಡಿಯೇಶನ್ನಿಗೆ ನಮ್ಮ ಕಡೆ ಎಲ್ಲರೂ ಅದನ್ನೇ ಅನ್ನುವುದು. ಭಾನುವಾರ ಬಿಟ್ಟು ದಿನಾಲೂ ಮಿರಜಕ್ಕೆ ಹೋಗಬೇಕು. ನಿಪ್ಪಾಣಿ ದೂರವೆಂದು ನಾನು ಕಾಗವಾಡದಲ್ಲಿ ಅಣ್ಣನ ಮನೆಯಲ್ಲಿ ಉಳಿದೆ. ನಮ್ಮ ಮನೆಯವರು ಅಂಗಡಿಯನ್ನು ಆಳಿಗೆ ಒಪ್ಪಿಸಿ ನನ್ನ ಜೊತೆ ಬಂದಿದ್ದರು.

ಅಲ್ಲಿಯ ಕಾಯುವ ಹಾಲ್ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಗೋಡೆಗೆ ಒಂದು ಟಿವಿ. ಅದರಲ್ಲಿ ಮರಾಠಿ ಧಾರಾವಾಹಿ ಹಾಕಿದರೆ ಅಥಣಿ, ರಾಯಬಾಗ ಕಡೆಯವರು ಕನ್ನಡ ಹಾಕಿರೆನ್ನುವುದು, ಕನ್ನಡ ಹಾಕಿದರೆ ಸಾಂಗಲಿಯವರು ಮುಖ ತಿರುಗಿಸುವುದು. ಸುದ್ದಿ ಚಾನಲ್ ಹಾಕಿದ ಒಂದು ದಿನ ಗಡಿಯ ವಿಷಯ ಬಂದು, ಗಂಟಲಿಗೆ ಪಟ್ಟಿ ಸುತ್ತಿಕೊಂಡ ಇಬ್ಬರು ದನಿಯಿಲ್ಲದೆ ಜಗಳಾಡಿದರಂತೆ. ಬಾಗಿಲು ಕಾಯುವ ವಾರ್ಡ್‌ಬಾಯ್ ಬೇಸತ್ತು, ಯಾರಿಗೂ ತಿಳಿಯದ ಇಂಗ್ಲಿಷ್ ಆಟದ ಚಾನಲ್ ಹಾಕಿ ರಿಮೋಟನ್ನು ತನ್ನ ಕಿಸೆಗೆ ಸೇರಿಸಿಬಿಟ್ಟಿದ್ದ. ಹಾಗೆ ನಾವೆಲ್ಲ ಕಾರ್ ರೇಸ್ ನೋಡತೊಡಗಿದೆವು.

ಅಮೆರಿಕದಲ್ಲಿ ಎಲ್ಲೋ ಭಾನುವಾರ ಓಡಿದ್ದನ್ನು ಇಲ್ಲಿ ಮುಂದಿನ ದಿನಗಳಲ್ಲಿ ಬೆಳಗಿನ ಹೊತ್ತು ಮತ್ತೆ ಮತ್ತೆ ತೋರಿಸುತ್ತಿದ್ದರು. ಮೊಟ್ಟೆಯಾಕಾರದ ದೊಡ್ಡ ದಾರಿ. ತಿರುವುಗಳಲ್ಲಿ ಹಿಟ್ಟು ನಾದುವ ಪರಾತದ ಅಂಚಿನಂತೆ ಎತ್ತಿ ಕಟ್ಟಿದ್ದರು. ಕಾರುಗಳು ಆ ಓರೆಯ ಮೇಲೆ ಬೀಳದೆ ಅಂಟಿಕೊಂಡು ಓಡುತ್ತಿದ್ದವು. ನೋಡಲು ರಸ್ತೆಯ ಮೇಲಿನ ಕಾರುಗಳ ಹಾಗೆಯೇ, ಮೈತುಂಬ ಜಾಹೀರಾತು ಮಾತ್ರ. ಒಂದರ ಹಿಂದೆ ಒಂದು, ನಡುವೆ ಕೈ ತೂರಿಸಲೂ ಜಾಗವಿಲ್ಲದಂತೆ. ಸುತ್ತು, ಮತ್ತೆ ಸುತ್ತು.

ಅಲ್ಲಿಯೇ ಬಾಳಪ್ಪ ಕಾಕಾ, ಅವರ ಹೆಂಡತಿ ಕಲ್ಲವ್ವಕ್ಕ ಪರಿಚಯವಾದದ್ದು. ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿನವರು. ಕಾಕಾಗೆ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯಲ್ಲಿ ಒಂದು ರಂಧ್ರ, ಅದರ ಮೇಲೆ ತೆಳುವಾದ ಬಟ್ಟೆ, ಉಸಿರಾಡಿದಾಗ ಅದು ಹಾರುತ್ತಿತ್ತು. ಅವರ ಮಾತನ್ನೆಲ್ಲ ಹೆಂಡತಿ ಆಡುತ್ತಿದ್ದಳು. ಅವರು ಜೀವಮಾನವೆಲ್ಲ ಗಾಡಿ ಶರ್ಯತ್ತು ಓಡಿಸಿದವರು, ಎತ್ತು ಕಟ್ಟಿ ಪಂದ್ಯಕ್ಕೆ. ಅವರಿಗೆ ಚಾಟಿ ಬೇಕಿರಲಿಲ್ಲ ಎಂದು ಕಲ್ಲವ್ವಕ್ಕ ನಮಗೆ ಹೇಳಿದಳು.

“ಇವ್ರ ಒಂದ ಕೂಗ ಹಾಕಿದ್ರ ಎತ್ತ ಹಾರತಿದ್ವುರಿ. ಹೊಳಿ ಆಚಿ ಊರಾಗ ನಾಯಿ ಬೊಗಳತಿದ್ವು. ಈಗ ನೋಡ್ರಿ, ನಾ ಬೈದ್ರೂ ತಿರಗಿ ಬೈಯಾಂಗಿಲ್ಲ. ನನಗ ಬೈಯಾಕ ಮಜಾನ ಇಲ್ಲದಂಗಾಗೇತಿ.”

ಕಾಕಾ ಭುಜ ಕುಣಿಸಿ ನಕ್ಕರು. ನಗುವಿಗೂ ಸದ್ದಿರಲಿಲ್ಲ, ಬಟ್ಟೆ ಮಾತ್ರ ಪಟಪಟ ಹಾರಿತು.

ಗಾಡಿಗಳು ಎಡಕ್ಕೆ ಮಾತ್ರ ಯಾಕೆ ತಿರುಗುತ್ತವೆ, ಬಲಕ್ಕೆ ತಿರುಗುವುದೇ ಇಲ್ಲವೇ, ಇದು ಗಾಣದ ಎತ್ತಿನ ಹಾಗಾಯಿತಲ್ಲ ಎಂದು ಕಲ್ಲವ್ವಕ್ಕನಿಗೆ ತಕರಾರು. ಆದರೆ ಕಾಕಾ ಕಣ್ಣು ಕೀಳುತ್ತಿರಲಿಲ್ಲ. ಅವರು ಒಂದು ನೇರಳೆ ಬಣ್ಣದ ಗಾಡಿಯನ್ನು ತಮ್ಮದೆಂದು ಹಿಡಿದಿದ್ದರು. ಅದು ಮುಂದೆ ಬರುತ್ತಿರಲಿಲ್ಲ, ಮುಂದಿನದರ ಬೆನ್ನಿಗೆ ಬಿದ್ದು ಅದನ್ನು ದೂಡುತ್ತಿತ್ತು. ಹಿಂದಿನದು ಅಂಟಿಕೊಂಡಿದ್ದರೆ ಗಾಳಿ ಸೀಳಿ ಎರಡೂ ಬೇಗ ಓಡುತ್ತವೆ ಎಂದು ಟಿವಿಯವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಹಾಲ್‌ನಲ್ಲಿ ಅದು ತಿಳಿಯುತ್ತಿದ್ದವಳು ನಾನೊಬ್ಬಳು. ಹೇಳಲು ಬಾರದವಳೂ ನಾನೇ.

ನನ್ನ ಹೆಸರು ಕರೆದಾಗ ಒಳಗೆ ಹೋಗುತ್ತಿದ್ದೆ. ನನ್ನ ಮುಖದ ಅಳತೆಗೇ ಮಾಡಿದ ಪ್ಲಾಸ್ಟಿಕ್ಕಿನ ಜಾಲರಿ ಮುಖವಾಡವನ್ನು ಮುಖದ ಮೇಲಿಟ್ಟು ನಾಲ್ಕೂ ಕಡೆ ಟೇಬಲ್ಲಿಗೆ ಬಿಗಿಯುತ್ತಿದ್ದರು. ರೆಪ್ಪೆ ಬಡಿದರೆ ಜಾಲರಿ ತಾಗುವಷ್ಟು ಬಿಗಿ. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಾರೆ. ಯಂತ್ರದ ತಲೆ ನನ್ನ ಸುತ್ತ ತಿರುಗುತ್ತದೆ. ಏನೂ ನೋಯುವುದಿಲ್ಲ. ಉಗುಳು ನುಂಗಲಾಗದೆ ಗಂಟಲಿನಲ್ಲಿ ನಿಂತಾಗ ಮಾತ್ರ, ಕೂಗಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನೆನಪಾಗುತ್ತದೆ.

ಎರಡನೆಯ ವಾರವಿರಬೇಕು, ಟಿವಿಯಲ್ಲಿ ದೊಡ್ಡ ಅಪಘಾತವಾಯಿತು. ಒಂದು ಗಾಡಿ ಇನ್ನೊಂದರ ಮೂಲೆಗೆ ತಾಗಿದ್ದೇ ತಡ, ಹಿಂದಿನವೆಲ್ಲ ಒಂದರೊಳಗೊಂದು ನುಗ್ಗಿದವು. ಒಂದು ಗಾಳಿಯಲ್ಲಿ ಮಗುಚಿ ಬಿದ್ದು ಹೊಗೆ ಕಾರತೊಡಗಿತು. ನಾವೆಲ್ಲ ಒಂದಲ್ಲ ಒಂದು ಸಾವಿನ ಲೆಕ್ಕದಲ್ಲಿ ಕುಳಿತವರು, ಎಲ್ಲರೂ ಟಿವಿಯ ಕಡೆ ಬಾಗಿದೆವು.

“ಸತ್ನೇನ್ರಿ?” ಎಂದಳು ಕಲ್ಲವ್ವಕ್ಕ, ನನ್ನ ಕೈ ಹಿಡಿದು.

ಓಡಿಸುವವನು ಕಿಟಕಿಯ ಬಲೆಯನ್ನು ಒಳಗಿನಿಂದ ಕೆಳಗಿಳಿಸಿದ್ದಾನೆ, ಹಾಗೆ ಇಳಿಸಿದರೆ ನಾನು ಚೆನ್ನಾಗಿದ್ದೇನೆ ಎಂದು ಅರ್ಥ, ಎಂದು ಟಿವಿಯಲ್ಲಿ ಹೇಳುತ್ತಿದ್ದರು. ನನಗೆ ಅದನ್ನು ಹೇಳಲೇಬೇಕಾಗಿತ್ತು. ಬಲೆ ಇಳಿಸಿದಾನ, ಆರಾಮ ಅದಾನ ಎಂದೆ. ಆಕೆ ಕಿವಿ ಹತ್ತಿರ ತಂದಳು. ಮತ್ತೆ ಹೇಳಿದೆ. ತುಟಿಯಿಂದ ಜೊಲ್ಲು ಇಳಿಯಿತು. ಇನ್ನೊಮ್ಮೆ ಹೇಳಿದೆ. ಆಕೆ ನನ್ನ ಮುಖ ನೋಡಿ, ಮೆತ್ತಗೆ, “ಹೌದ್ರಿ ಅಕ್ಕಾರ, ಹೌದ್ರಿ, ಪಾಪ,” ಎಂದಳು. ಸತ್ತನೆಂದೇ ತಿಳಿದಿದ್ದಳು. ತಿಳಿಯಲಿಲ್ಲ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ಮುಖಕ್ಕೆ ಸೆರಗು ಹಿಡಿದೆ, ಆ ಹಾಲ್‌ನಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ನಾಲ್ಕನೆಯ ವಾರಕ್ಕೆ ಬಾಯಿಯ ಒಳಗೆಲ್ಲ ಸುಲಿದುಹೋಯಿತು. ಕುತ್ತಿಗೆಯ ಚರ್ಮ ಬದನೆಕಾಯಿ ಸುಟ್ಟಂತೆ ಕಪ್ಪಾಗಿ ಬಿರಿಯಿತು. ನೀರು ಕೂಡ ಖಾರ, ಊಟವೆಲ್ಲ ಮೂಗಿನ ನಳಿಕೆಯಲ್ಲೇ. ಒಂದು ಬೆಳಿಗ್ಗೆ ಅಣ್ಣ ಗಾಡಿ ಶುರು ಮಾಡಿ ಹಾರ್ನ್ ಹಾಕಿದ, ನಾನು ಹಾಸಿಗೆ ಬಿಟ್ಟೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದೆ. ಅಣ್ಣನ ಹೆಂಡತಿ ವೈನಿ ಕರೆದರು, ನಮ್ಮ ಮನೆಯವರು ಕರೆದರು, ಡಾಕ್ಟರಿಗೆ ಫೋನು ಮಾಡುತ್ತೇನೆಂದು ಹೆದರಿಸಿದರು. ಮಾರನೆಯ ದಿನವೂ ಏಳಲಿಲ್ಲ. ಹೀಗೆ ನಡುವೆ ಬಿಟ್ಟರೆ ಇಲ್ಲಿಯವರೆಗಿನದೂ ವ್ಯರ್ಥವೆಂದು ಡಾಕ್ಟರು ಮೊದಲೇ ಹೇಳಿದ್ದು ಗೊತ್ತಿತ್ತು. ಆದರೂ, ಉಳಿದು ಏನು ಮಾಡುವುದು ಎಂದುಕೊಂಡು ಹೊದಿಕೆ ಎಳೆದುಕೊಂಡೆ.

ಮೂರನೆಯ ದಿನ ಬೆಳಗಿನ ಬಸ್ಸಿಗೆ ನಿಪ್ಪಾಣಿಯಿಂದ ಅತ್ತೆ ಬಂದರು. ಒಬ್ಬರೇ, ಎಪ್ಪತ್ತು ದಾಟಿದವರು. ಬಂದವರು ಕೈಕಾಲು ತೊಳೆದು ಅಕ್ಕಿ-ಹೆಸರುಬೇಳೆಯ ಗಂಜಿ ಬೇಯಿಸಿ, ಕುಡಿಯುವ ನೀರು ಸೋಸುವ ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿದರು. ನಳಿಕೆಯಲ್ಲಿ ಒಂದು ಅಗುಳೂ ಸಿಕ್ಕಬಾರದಲ್ಲ. ನಳಿಕೆಯ ಮೇಲಿನ ಸಿರಿಂಜಿನಲ್ಲಿ ತಾವೇ ಸುರಿಯತೊಡಗಿದರು. ಅವರ ಕೈ ನಡುಗುತ್ತಿತ್ತು. ಮೊದಲು ವಯಸ್ಸಿನ ನಡುಕವೆಂದುಕೊಂಡೆ. ಆಮೇಲೆ ನೋಡಿದರೆ ಅವರ ಹಲ್ಲುಗಳ ಸಂದಿಯ ಕಪ್ಪು ಮಾಸಿತ್ತು. ಐವತ್ತು ವರ್ಷದ ಚಟವನ್ನು ಯಾರಿಗೂ ಹೇಳದೆ ಬಿಟ್ಟಿದ್ದರು, ಮೈ ಅದಕ್ಕೆ ನಡುಗುತ್ತಿತ್ತು.

“ನನ್ನ ಕೈಲೆ ಹಚ್ಚಿದ್ದ ನಿನ್ನ ಬಾಯಾಗ ಬೆಳೀತು ಸುನಂದಾ,” ಎಂದರು, ಸಿರಿಂಜಿನಿಂದ ಕಣ್ಣು ತೆಗೆಯದೆ. “ನೀ ಇಲ್ಲೇ ಬಿಟ್ಟ ಮಲಗಿದಿ ಅಂದ್ರ, ನಾ ಯಾರ ಮುಂದ ಹೋಗಿ ನಿಲ್ಲಲಿ?”

ನನಗೆ ಹೇಳುವುದು ಬಹಳವಿತ್ತು. ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ನೀವು ನೋವು ತೆಗೆಯಲೆಂದೇ ಹಚ್ಚಿದಿರಿ ಎಂದು. ಬಾಯಿ ತೆರೆದರೆ ಅದು ಮತ್ತೇನೋ ಆಗಿ ಕೇಳಿಸಿ, ಅವರು ಅದನ್ನೇ ಹೊತ್ತುಕೊಂಡು ಹೋದರೆ? ಎದ್ದು ಸೀರೆ ಸರಿಮಾಡಿಕೊಂಡೆ. ಅತ್ತೆಯೂ ಗಾಡಿ ಹತ್ತಿದರು. ಕೊನೆಯವರೆಗೆ ಅವರೇ ದಿನಾಲೂ ಬಂದರು, ಹೊತ್ತು ಮುಳುಗುವ ಮುಂಚೆ ಕೊನೆಯ ಗಂಜಿ ಹೊಟ್ಟೆಗೆ ಹೋಗುವಂತೆ ನೋಡಿಕೊಂಡರು.

ಆಸ್ಪತ್ರೆಯ ಹಾಲ್‌ಗೆ ಹೋದಾಗ ಕಾಕಾನ ಕುತ್ತಿಗೆ ಒಂದು ಕಡೆ ಊದಿತ್ತು. ಇನ್ನೊಂದು ವಾರದಲ್ಲಿ ಮುಖಕ್ಕೂ ಬಂತು. ಕಲ್ಲವ್ವಕ್ಕನ ಬೈಗುಳ ನಿಂತಿತು. ಅದರಿಂದಲೇ ನಮಗೆ ಗೊತ್ತಾಯಿತು. ಕರೆಂಟಿನಿಂದ ಇನ್ನು ಪ್ರಯೋಜನವಿಲ್ಲ, ಊರಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಹೋಗುವ ದಿನ ಆಕೆ ನಮ್ಮ ಮನೆಯವರ ಫೋನ್ ನಂಬರ್ ಇಸಿದುಕೊಂಡಳು. ಕಾಕಾ ಬಾಗಿಲಲ್ಲಿ ನಿಂತು, ಅಂದು ಓಡುತ್ತಿದ್ದ ರೇಸನ್ನು ಮೂರು ಸುತ್ತು ನೋಡಿದರು. ನೇರಳೆ ಗಾಡಿ ಎಲ್ಲಿದೆಯೆಂದು ನನ್ನ ಕಡೆ ಹುಬ್ಬು ಏರಿಸಿದರು. ನಾನು ಬೆರಳು ತೋರಿಸಿದೆ. ವಾರ್ಡ್‌ಬಾಯ್ ದಾರಿ ಬಿಡಿರೆಂದ, ಅವರು ಹೋದರು.

ನನ್ನದು ಮುಗಿಯಿತು. ನಳಿಕೆ ತೆಗೆದರು. ಆಮೇಲೆ ತೆಗೆದ ಸ್ಕ್ಯಾನ್ ಫೋಟೋಗಳಲ್ಲಿ ಏನೂ ಕಾಣಲಿಲ್ಲವೆಂದರು. ಈಗಲೂ ಕೆಲ ತಿಂಗಳಿಗೊಮ್ಮೆ ಹೋಗಿ ತೋರಿಸುತ್ತೇನೆ. ನಿಪ್ಪಾಣಿಗೆ ಬಂದು ನಾನು ಮನೆಯ ಹಿಂಭಾಗದವಳಾದೆ. ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲುಗಳ ನಡುವೆ ತೂರಿಸಿ ಬಾಯಿ ಅಗಲಿಸುವ ವ್ಯಾಯಾಮ ಮಾಡುತ್ತಿದ್ದೆ, ಬಾಗಿಲು ಹಾಕಿಕೊಂಡು. ಬಂದವರಿಗೆ ತಲೆಯಾಡಿಸುವುದು, ನಗುವುದು. ಬಸದಿಯಲ್ಲಿ ಮಾತ್ರ, ಎಲ್ಲರೂ ಒಟ್ಟಿಗೆ ಮಂತ್ರ ಹೇಳುವಾಗ, ಅವರ ದನಿಗಳ ಅಡಿಯಲ್ಲಿ ನನ್ನದನ್ನೂ ಸೇರಿಸುತ್ತಿದ್ದೆ. ಅಲ್ಲಿ ಯಾರೂ ನನ್ನನ್ನು ಬೇರೆಯಾಗಿ ಕೇಳುವುದಿಲ್ಲ.

ಬಾಳಪ್ಪ ಕಾಕಾ ಈಗಿಲ್ಲ. ಅವರು ಹೋಗುವ ಕೆಲ ದಿನ ಮುಂಚೆ, ಒಂದು ಸೋಮವಾರ ಬೆಳಿಗ್ಗೆ ನಮ್ಮ ಮನೆಯವರು ಅಂಗಡಿಗೆ ಹೊರಡುವಾಗ ಕಲ್ಲವ್ವಕ್ಕನ ಫೋನು ಬಂತು. ಅವರು ಸ್ಪೀಕರ್ ಹಾಕಿದರು. ಕಾಕಾನ ಮುಖದ ಬಾವು ಏರಿ ಎರಡೂ ಕಣ್ಣು ಮುಚ್ಚಿಹೋಗಿವೆ ಎಂದಳು. ಕಿವಿ ಮಾತ್ರ ಇದೆ. ಬೆಳಗಿನಿಂದ ಕೈಯಲ್ಲಿ ಗಾಳಿಯಲ್ಲೇ ಸುತ್ತು ಬರೆದು ತೋರಿಸುತ್ತಿದ್ದಾರೆ. ಟಿವಿ ಹಚ್ಚಿದರೆ ಇಂಗ್ಲಿಷು, ಅವರಿಗೆ ತಿಳಿಯುವುದಿಲ್ಲ. ತಾನು ನೋಡಿ ಹೇಳೋಣವೆಂದರೆ ತನಗೆ ಎಲ್ಲ ಗಾಡಿಯೂ ಒಂದೇ. ಅದಕ್ಕೆ ಅಕ್ಕಾರ ಸ್ವಲ್ಪ ನೋಡಿ ಹೇಳಬಹುದೇ ಎಂದಳು.

ನಾನು ಅಡಿಗೆಮನೆಯಿಂದಲೇ ಕೈಯಾಡಿಸಿದೆ, ಆಗುವುದಿಲ್ಲವೆಂದು.

“ಆಕಿಗೆ ಮಾತು ಸರಿಯಾಗಿ ಬರೂದಿಲ್ರಿ ಕಲ್ಲವ್ವಾರ,” ಎಂದರು ನಮ್ಮ ಮನೆಯವರು.

“ಇವರಿಗೂ ಬರೂದಿಲ್ಲಲ್ರಿ,” ಎಂದಳು ಆಕೆ.

ಆ ಕಡೆಯಿಂದ ಉಸಿರಿನ ಸದ್ದು ಬರುತ್ತಿತ್ತು, ಕುತ್ತಿಗೆಯಿಂದ ಬರುವ ಉಸಿರು. ನಾನು ಕೈ ಒರೆಸಿಕೊಂಡು ಬಂದು ಟಿವಿ ಹಚ್ಚಿದೆ. ಆ ಚಾನಲ್ ಹುಡುಕಲು ತಡವಾಯಿತು. ರೇಸ್ ಅರ್ಧ ಮುಗಿದಿತ್ತು.

ಕಾಕಾ, ಎಂದೆ. ನಾನ್ರಿ, ಸುನಂದಾ. ನೇರಳೆ ಗಾಡಿ ಐತಿ. ಬಹಳ ಹಿಂದ ಐತಿ.

ಒಂದೊಂದು ಮಾತಿಗೂ ನಿಂತು, ಉಗುಳು ಒರೆಸಿಕೊಂಡು, ಮುಂದಿನದು. ಅವಸರ ಮಾಡಿದರೆ ಎಲ್ಲ ಕಲಸಿಹೋಗುತ್ತದೆ; ಗಾಡಿಗಳು ನಿಲ್ಲುವವಲ್ಲ. ತಿರುವಿಗೆ ಬಂತು, ಎಡಕ್ಕೆ ತಿರುಗಿತು, ಕೆಂಪು ಗಾಡಿಯ ಬೆನ್ನಿಗೆ ಬಿತ್ತು, ದೂಡುತ್ತಿದೆ, ಎರಡೂ ಸೇರಿ ಮೂರನ್ನು ದಾಟಿದವು. ಹೇಳುತ್ತ ಹೇಳುತ್ತ ನನ್ನ ಕರವಸ್ತ್ರ ಒದ್ದೆಯಾಯಿತು. ಯಾರೋ ಕೈಗೆ ಟವೆಲು ಕೊಟ್ಟರು, ನೋಡಿದರೆ ಅತ್ತೆ. ಅವರು ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ನಮ್ಮ ಮನೆಯವರು ಅಂಗಡಿಗೆ ಹೋಗಲಿಲ್ಲ.

ಕಾಕಾನ ಗಾಡಿ ಗೆಲ್ಲಲಿಲ್ಲ. ಕೊನೆಯ ಸುತ್ತಿನಲ್ಲಿ ಕೆಂಪು ಗಾಡಿ ಅದನ್ನು ಬಿಟ್ಟು ಒಳದಾರಿ ಹಿಡಿಯಿತು. ನೇರಳೆಯದು ಒಂಟಿಯಾಗಿ ಗಾಳಿಗೆ ಸಿಕ್ಕಿತು, ಉಳಿದ ಗಾಡಿಗಳು ಒಂದೊಂದಾಗಿ ಅದನ್ನು ದಾಟಿಹೋದವು. ಗೆದ್ದಿತೆಂದು ಹೇಳಿಬಿಡಬಹುದಿತ್ತು, ಅವರೇನು ನೋಡುತ್ತಿದ್ದರೇ? ಆದರೆ ಶರ್ಯತ್ತಿನಲ್ಲಿ ಕೂದಲು ಬೆಳ್ಳಗಾದ ಮನುಷ್ಯ ಅವರು. ಇದ್ದದ್ದನ್ನೇ ಹೇಳಿದೆ. ಹಿಂದೆ ಬಿತ್ತು ಕಾಕಾ. ಗೆರೆ ಮಾತ್ರ ದಾಟಿತು, ನಿಲ್ಲಲಿಲ್ಲ. ಮುಗೀತು.

ಅಷ್ಟು ಹೊತ್ತು ಮಾತಾಡಿ ದವಡೆ ಸೆಳೆಯುತ್ತಿತ್ತು. ಕಾಕಾಗೆ ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ, ಈಗ ಕಲ್ಲವ್ವಕ್ಕ ಮೆತ್ತಗೆ ‘ಹೌದ್ರಿ ಅಕ್ಕಾರ’ ಅನ್ನುತ್ತಾಳೆ ಎಂದುಕೊಂಡು ಕಾದೆ.

“ಅಕ್ಕಾರ,” ಎಂದಳು ಆಕೆ, “ಖರೇ ಹೇಳ್ತೀನಿ, ನನಗ ಅರ್ಧಕ್ಕರ್ಧ ತಿಳೀಲಿಲ್ರಿ. ಇವರಿಗೆ ತಿಳೀತು. ನೀವು ನಿಂತ ಕೂಡ್ಲೇ ಕೈ ಮಾಡಾಕತ್ತಾರ, ಮುಂದ ಹೇಳಂತ ಹೇಳು ಅಂತ.”

ಮುಂದೆ ಏನಿತ್ತು? ಓಟ ಮುಗಿದಿತ್ತು. ಟಿವಿಯಲ್ಲಿ ಗೆದ್ದವನು ಗಾಡಿಯನ್ನು ಹುಲ್ಲಿನ ಮೇಲೆ ತಂದು ಗಿರಗಿರ ತಿರುಗಿಸುತ್ತಿದ್ದ, ಜನ ಕುರ್ಚಿ ಬಿಟ್ಟು ಏಳುತ್ತಿದ್ದರು, ಮೈದಾನದ ಆಚೆ ಮೋಡ ಕಟ್ಟಿತ್ತು. ಅತ್ತೆ ಟವೆಲಿನ ಒಣ ತುದಿ ನನ್ನ ಕಡೆ ತಿರುಗಿಸಿದರು. ತುಟಿ ಒರೆಸಿಕೊಂಡು, ಫೋನು ಹತ್ತಿರ ಎಳೆದುಕೊಂಡು, ಮೋಡದಿಂದ ಶುರು ಮಾಡಿದೆ.